ಲಾರಿಗೆ ಕಾಟನ್ ಫಿಲ್ಟರ್ ಬೇಕೇ? ಮೊದಲು ಕೆಂಪು ಪಟ್ಟಿ ನೋಡಿ

ಗಾಡಿಗೆ ಪಿಕಪ್ ಇಲ್ಲ, ಕಪ್ಪು ಹೊಗೆ ಬರುತ್ತಿದೆ ಎಂದರೆ ಸಾಕು, ಎಣ್ಣೆ ಹಚ್ಚಿದ ಕಾಟನ್ ಏರ್ ಫಿಲ್ಟರ್ ಹಾಕಿಸಿ ಎನ್ನುವವರು ಸಿಗುತ್ತಾರೆ. ತೊಳೆದು ಮತ್ತೆ ಹಾಕಬಹುದು, ಗಾಳಿ ಜಾಸ್ತಿ ಎಳೆಯುತ್ತದೆ, ಪವರ್ ಏರುತ್ತದೆ ಎಂಬ ಮಾತು. ದುಡ್ಡು ಕೊಡುವ ಮೊದಲು ಗಾಡಿ ಜೊತೆ ಬಂದ ಕಂಪನಿಯ ಪೇಪರ್ ಫಿಲ್ಟರ್ ನಿಜಕ್ಕೂ ಧೂಳಿನಿಂದ ಕಟ್ಟಿಕೊಂಡಿದೆಯೇ ಎಂದು ನೀವೇ ನೋಡಿಕೊಳ್ಳಬಹುದು.

ಡೀಸೆಲ್ ಇಂಜಿನ್‌ನಲ್ಲಿ ಪವರ್ ಏರುವುದು, ಇಳಿಯುವುದು ಇಂಜೆಕ್ಟರ್ ಎಷ್ಟು ಡೀಸೆಲ್ ಬಿಡುತ್ತದೆ ಎಂಬುದರ ಮೇಲೆ. ಗಾಳಿ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಟ್ಯೂನಿಂಗ್ (ಡೀಸೆಲ್ ಬಿಡುವ ಪ್ರಮಾಣದ ಸೆಟ್ಟಿಂಗ್) ಮುಟ್ಟದೆ ಬರೀ ಫಿಲ್ಟರ್ ಬದಲಿಸಿದರೆ ಎದ್ದು ಕಾಣುವ ಲಾಭ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಸೀಟಿ ಹೊಡೆಯುವ ಸದ್ದು ಮಾತ್ರ. ಫಿಲ್ಟರ್ ಕಟ್ಟಿಕೊಂಡಿದ್ದರೆ ಮಾತು ಬೇರೆ. ಆಗ ಹೊಸ ಪೇಪರ್ ಫಿಲ್ಟರ್ ಹಾಕಿದರೂ ಪಿಕಪ್ ವಾಪಸ್ ಬರುತ್ತದೆ.

ಹೆಜ್ಜೆ 1: ಏರ್ ಕ್ಲೀನರ್ ಡಬ್ಬಿಯ ಮೇಲೆ ಅಥವಾ ಅದರ ಹೋಸ್ ಮೇಲೆ ಸಣ್ಣ ಇಂಡಿಕೇಟರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್‌ನಲ್ಲೇ ಲೈಟ್ ಬರುತ್ತದೆ. ಕೆಂಪು ಪಟ್ಟಿ ಕಂಡರೆ ಫಿಲ್ಟರ್ ಮುಗಿಯಿತು ಎಂದರ್ಥ. ಕಂಡಿಲ್ಲವೇ? ಡಬ್ಬಿ ತೆರೆಯಬೇಡಿ. ತೆರೆದಾಗಲೆಲ್ಲ ಒಂದಿಷ್ಟು ಧೂಳು ಒಳಗೆ ಬೀಳುತ್ತದೆ. ಅಲ್ಲದೆ, ತೆಳ್ಳಗೆ ಧೂಳು ಕೂತ ಪೇಪರ್ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ವಾರವಾರ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸುವುದು ಸುಮ್ನೆ ಫಿಲ್ಟರ್ ಹಾಳು ಮಾಡುವ ಕೆಲಸ.

ಹೆಜ್ಜೆ 2: ಡಬ್ಬಿಯ ಕೆಳಗಿನ ರಬ್ಬರ್ ವಾಲ್ವ್ ಹಿಂಡಿ, ಧೂಳು ಉದುರಿಸಿ. ಅದು ಹರಿದಿದ್ದರೆ ಹೊಸದು ಹಾಕಿ.

ಹೆಜ್ಜೆ 3: ಕೆಂಪು ಬಂದಿದ್ದರೆ ಇಂಜಿನ್ ಆಫ್ ಮಾಡಿ, ಕ್ಲಿಪ್ ಬಿಚ್ಚಿ, ಹೊರಗಿನ ಫಿಲ್ಟರನ್ನು ಮೆಲ್ಲಗೆ ಎಳೆಯಿರಿ. ಟೈರಿಗೆ ಬಡಿದು ಧೂಳು ಕೊಡವುವ ಅಭ್ಯಾಸ ಬಿಡಿ, ಪೇಪರ್ ಮಡಿಕೆ ಬಿರಿಯುತ್ತದೆ, ಅಂಚಿನ ಸೀಲ್ ಸೊಟ್ಟಗಾಗುತ್ತದೆ. ಡಬ್ಬಿಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸ ಪೇಪರ್ ಫಿಲ್ಟರ್ ಹಾಕಿ. ಒಳಗಿನ ಸಣ್ಣ ಸೇಫ್ಟಿ ಫಿಲ್ಟರ್‌ಗೆ ಗಾಳಿ ಹೊಡೆಯುವಂತೆಯೇ ಇಲ್ಲ. ಸಾಮಾನ್ಯವಾಗಿ ಹೊರಗಿನದನ್ನು ಮೂರನೇ ಸಲ ಬದಲಿಸುವಾಗ ಇದನ್ನೂ ಬದಲಿಸಬೇಕು.

ಹೆಜ್ಜೆ 4: ಇದನ್ನೇ ಹೆಚ್ಚಿನವರು ಬಿಡುವುದು. ಫಿಲ್ಟರ್ ದಾಟಿ ಇಂಜಿನ್ ಕಡೆಗೆ ಹೋಗುವ ಹೋಸ್ ಬಿಚ್ಚಿ, ಒಳಗೆ ಬೆರಳಾಡಿಸಿ. ಬೆರಳಿಗೆ ಧೂಳು ಹತ್ತಿತೇ? ಹಾಗಾದರೆ ಸೀಲ್, ಕ್ಲ್ಯಾಂಪ್ ಅಥವಾ ಬಿರುಕುಬಿಟ್ಟ ಹೋಸ್ ಹುಡುಕಿ. ಅದು ಸರಿಹೋಗದೆ ಯಾವ ಫಿಲ್ಟರ್ ಹಾಕಿದರೂ ಒಂದೇ. 5.9 ಲೀಟರ್ ಇಂಜಿನ್ 2500 ಆರ್‌ಪಿಎಂನಲ್ಲಿ, ಟರ್ಬೊ ಲೆಕ್ಕ ಬಿಟ್ಟರೂ, ನಿಮಿಷಕ್ಕೆ ಸುಮಾರು 7000 ಲೀಟರ್ ಗಾಳಿ ಎಳೆಯುತ್ತದೆ. ಅದರ ಜೊತೆ ಬರುವ ಮರಳಿನ ಪುಡಿ ಪಿಸ್ಟನ್ ಓಡುವ ಲೈನರ್, ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಆಮೇಲೆ ನೀಲಿ ಹೊಗೆ, ಆಯಿಲ್ ಕುಡಿಯುವುದು, ಕೊನೆಗೆ ಇಂಜಿನ್ ಬಿಚ್ಚಿ ಮಾಡಿಸುವ ಬೋರ್ ಕೆಲಸ.

ಈಗ ಕಾಟನ್ ಫಿಲ್ಟರ್ ವಿಷಯ. ಪೇಪರ್ ಫಿಲ್ಟರ್ ಶೇ 99.9, ಕಾಟನ್ ಫಿಲ್ಟರ್ ಶೇ 97 ಧೂಳು ಹಿಡಿಯುತ್ತದೆ ಎಂದುಕೊಳ್ಳಿ. ಕೇಳಲು ಹತ್ತಿರ ಹತ್ತಿರ, ಅಲ್ವಾ? ಆದರೆ 100 ಗ್ರಾಂ ಧೂಳಿನಲ್ಲಿ ಮೊದಲನೆಯದು ಒಳಗೆ ಬಿಡುವುದು 0.1 ಗ್ರಾಂ, ಎರಡನೆಯದು 3 ಗ್ರಾಂ. ಮೂವತ್ತು ಪಟ್ಟು! ಸಂಡೂರಿನ ಅದಿರು ರಸ್ತೆಯಲ್ಲಿ, ಜಲ್ಲಿ ಕ್ರಷರ್‌ಗಳಲ್ಲಿ ಓಡುವ ಟಿಪ್ಪರ್‌ಗೆ ಇದು ಸಣ್ಣ ಮಾತಲ್ಲ. ಅಲ್ಲಿಗೆ ಕಂಪನಿಯ ಪೇಪರ್ ಫಿಲ್ಟರೇ ಸರಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಡಬ್ಬಿಯನ್ನೇ ಕಿತ್ತು ಬಾನೆಟ್ ಒಳಗೆ ಬಯಲಾಗಿ ಕೂರಿಸುವ ಕೋನ್ ಫಿಲ್ಟರ್ ಇನ್ನೂ ಕೆಟ್ಟದ್ದು. ಅದು ಇಂಜಿನ್ ಪಕ್ಕದ ಬಿಸಿ ಗಾಳಿ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇ 3 ಇಳಿಯುತ್ತದೆ. ಲಾರಿ ಕಂಪನಿಗಳು ಕ್ಯಾಬಿನ್ ಹಿಂದೆ ಎತ್ತರಕ್ಕೆ ಗಾಳಿ ಎಳೆಯುವ ಕೊಳವೆ ನಿಲ್ಲಿಸುವುದು ಸುಮ್ಮನೆ ಅಲ್ಲ.

ಡಾಂಬರು ರಸ್ತೆಯಲ್ಲೇ ಓಡುವ, ಟ್ಯೂನಿಂಗ್ ಮಾಡಿಸಿದ ಡೀಸೆಲ್ ಪಿಕಪ್‌ಗಾಡಿಗೆ ಕಾಟನ್ ಫಿಲ್ಟರ್ ಹಾಕಲೇಬೇಕು ಎಂದಿದ್ದರೆ ಮುಚ್ಚಿದ ಡಬ್ಬಿಯಲ್ಲಿ ಕೂರುವುದನ್ನೇ ಆರಿಸಿ. ಐಎಸ್‌ಒ 5011 ಪರೀಕ್ಷೆಯ (ಏರ್ ಫಿಲ್ಟರ್ ಎಷ್ಟು ಧೂಳು ಹಿಡಿಯುತ್ತದೆ ಎಂದು ಅಳೆಯುವ ಪರೀಕ್ಷೆ) ಫಲಿತಾಂಶ ಕೇಳಿ. ತೊಳೆದ ಮೇಲೆ ನೆರಳಲ್ಲಿ ಪೂರ್ತಿ ಒಣಗಿಸಿ, ಮತ್ತೆ ಎಣ್ಣೆ ಹಚ್ಚಿ. ಎಣ್ಣೆ ಕಡಿಮೆಯಾದರೆ ಧೂಳು ನುಸುಳುತ್ತದೆ, ಜಾಸ್ತಿಯಾದರೆ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಮೇಲೆ ಕೂತು ತಪ್ಪು ರೀಡಿಂಗ್ ಕೊಡುತ್ತದೆ. ವಾರಂಟಿ ಇನ್ನೂ ಇದ್ದರೆ ಹಾಕಿಸುವ ಮೊದಲೇ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.