ಬೆಂಚಿನ ಹುಡುಗರ ಎಡಗೈ: ಕಾಲೇಜು ಲ್ಯಾಕ್ರಾಸ್‌ನಲ್ಲಿ ಫಲ ಕೊಟ್ಟ ಪದ್ಧತಿ

ಲ್ಯಾಕ್ರಾಸ್ ಎಂದರೆ ತುದಿಗೆ ಬಲೆ ಕಟ್ಟಿದ ಸ್ಟಿಕ್‌ನಿಂದ ಚೆಂಡು ಹಿಡಿದು ಎಸೆಯುವ ಆಟ. ಅಮೆರಿಕದ ಅದರ ಕಾಲೇಜು ತಂಡಗಳಲ್ಲಿ ಪ್ಲೇಯರ್ ಡೆವಲಪ್‌ಮೆಂಟ್ ನೋಡಿಕೊಳ್ಳುವವರಿಗೆ ಗೊತ್ತೇ ಇದೆ: ಮೊದಲ ಹತ್ತು ಹದಿನೈದು ಆಟಗಾರರನ್ನು ಕೋಚ್‌ಗಳೇ ತಿದ್ದುತ್ತಾರೆ, ಉಳಿದವರು ನಮ್ಮ ಪಾಲು. ಅವರ ದುರ್ಬಲ ಕೈಯನ್ನು, ಅಂದರೆ ಹೆಚ್ಚಿನವರ ಎಡಗೈಯನ್ನು, ಒಂದೇ ಫಾಲ್‌ನಲ್ಲಿ (ಸೀಸನ್‌ಗೆ ಮುಂಚಿನ ಶರತ್ಕಾಲದಲ್ಲಿ) ಪಳಗಿಸಬಹುದು ಎಂದರೆ ಯಾರೂ ಒಪ್ಪುತ್ತಿರಲಿಲ್ಲ. ಈಗ ಎರಡನೇ ಸಾಲಿನ ಮಿಡ್‌ಫೀಲ್ಡರ್‌ಗಳು ಫೆಬ್ರವರಿಯ ಪಂದ್ಯಗಳಲ್ಲೇ ಎರಡೂ ಕೈಯಿಂದ ಕ್ಲಿಯರ್ ಮಾಡುತ್ತಿದ್ದಾರೆ, ಅಂದರೆ ಚೆಂಡನ್ನು ತಮ್ಮ ಗೋಲಿನ ಕಡೆಯಿಂದ ಮುಂದಕ್ಕೆ ಸಾಗಿಸುತ್ತಿದ್ದಾರೆ. ಆಗಲ್ಲ ಎಂದವರೇ ಡ್ರಿಲ್‌ಗಳ ಪಟ್ಟಿ ಕೇಳುತ್ತಿದ್ದಾರೆ.

ಮೊದಲು ಗಂಟೆಗಳ ಲೆಕ್ಕ. ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎಯ ಮೊದಲ ಡಿವಿಷನ್‌ನಲ್ಲಿ ಕಡ್ಡಾಯ ಚಟುವಟಿಕೆಗೆ ಸೀಸನ್ ನಡೆಯುವಾಗ ವಾರಕ್ಕೆ ಹೆಚ್ಚೆಂದರೆ 20 ಗಂಟೆ, ಉಳಿದ ಕಾಲದಲ್ಲಿ 8. ಹೆಚ್ಚಿನವರು ವಾಲ್ ಬಾಲನ್ನು (ಗೋಡೆಗೆ ಚೆಂಡೆಸೆದು ಹಿಡಿಯುವ ಅಭ್ಯಾಸ) 'ಸ್ವಇಚ್ಛೆಯದು' ಎಂದು ಬಿಟ್ಟು, ಲಾಕರ್ ರೂಮಿನಲ್ಲಿ ಹಾಜರಿ ಹಾಳೆ ಅಂಟಿಸುತ್ತಾರೆ. ಹಾಳೆ ಕೋಚ್ ಕೈಗೆ ಹೋದ ಕ್ಷಣ ಅದು ಸ್ವಇಚ್ಛೆಯದಲ್ಲ, ನಿಯಮ ಮುರಿದಂತೆ. ಅದಕ್ಕೇ ಅಭ್ಯಾಸದ ಒಳಗೇ 12 ನಿಮಿಷ ಕಸಿದುಕೊಳ್ಳಬೇಕು. ಮೈದಾನದಲ್ಲಿ ಕಲಿಸಲು ನಿಮ್ಮ ಹುದ್ದೆಗೆ ಅನುಮತಿ ಇದೆಯೇ ಎಂಬುದನ್ನು ನಿಯಮ ಪಾಲನೆ ನೋಡುವ ಕಂಪ್ಲಯನ್ಸ್ ಆಫೀಸಿನಿಂದ ಬರಹದಲ್ಲೇ ಪಡೆಯಿರಿ. ಇಲ್ಲದಿದ್ದರೆ ಅಸಿಸ್ಟಂಟ್ ಕೋಚ್ ಡ್ರಿಲ್ ನಡೆಸಲಿ, ನೀವು ಕ್ಯಾಮೆರಾ ಹಿಡಿಯಿರಿ.

ಗೋಡೆಯಿಂದ 5 ಗಜ ದೂರದಲ್ಲಿ ಶುರು, ಮೂರನೇ ವಾರಕ್ಕೆ 10 ಗಜ. ಬಲಗೈಗೆ ಒಂದು ಸುತ್ತಾದರೆ ಎಡಗೈಗೆ ಎರಡು. ಚೆಂಡು ಕಿವಿಯ ಪಕ್ಕಕ್ಕೇ ಬಂದು ಸೇರಬೇಕು. ಎದೆಯ ಮುಂದೆ ಹಿಡಿದದ್ದು ಲೆಕ್ಕಕ್ಕಿಲ್ಲ. ಅರ್ಧ ನಿಮಿಷಕ್ಕೆ ಸುಮಾರು 25 ಕ್ಯಾಚ್ ಬಂದ ಮೇಲೆ ಮಾತ್ರ ಓಡುತ್ತಾ ಹಿಡಿಯುವ ಡ್ರಿಲ್. ಈ ಹಂತ ಹಾರಿಸಿದರೆ ಹುಡುಗ ಒತ್ತಡದಲ್ಲಿ ಮತ್ತೆ ಬಲಗೈಗೇ ತಿರುಗುತ್ತಾನೆ, ಡಿಫೆಂಡರ್‌ಗೆ ಅದೇ ಬೇಕು.

ಹಾಗೆಂದು ಎಲ್ಲ ತಪ್ಪೂ ಕೈಯದ್ದಲ್ಲ. ಪಾಸ್ ನೆಲಕ್ಕೆ ಹೋಗುತ್ತಿದ್ದರೆ ಮೊದಲು ಬಲೆಯ ಮೇಲ್ಭಾಗದಲ್ಲಿ ಅಡ್ಡ ಹೆಣೆದ ದಾರ, ಅಂದರೆ ಶೂಟಿಂಗ್ ಸ್ಟ್ರಿಂಗ್ ನೋಡಿ. ಬಿಗಿ ಹೆಚ್ಚಾದರೆ ಚೆಂಡು ತಡವಾಗಿ ಬಿಡುತ್ತದೆ. ಮಳೆಯಲ್ಲಿ ಮೆಶ್ (ಬಲೆ) ಸಡಿಲವಾಗಿ ಪಾಕೆಟ್, ಅಂದರೆ ಚೆಂಡು ಕೂರುವ ಗುಳಿ, ಇಳಿಯುತ್ತದೆ. ಸ್ಟಿಕ್ ಅಡ್ಡ ಹಿಡಿದಾಗ ಚೆಂಡಿನ ಮೇಲ್ಭಾಗ ಸೈಡ್‌ವಾಲ್‌ನ (ಸ್ಟಿಕ್ ತಲೆಯ ಪಕ್ಕದ ಗೋಡೆಯ) ಕೆಳ ಅಂಚಿಗಿಂತ ಕೆಳಗೆ ಹೋದರೆ ಪೆನಾಲ್ಟಿ. ಮೆಶ್ ಒಂದಕ್ಕೆ 20 ಡಾಲರ್ ಆಸುಪಾಸು. ಆಟಗಾರನಿಗೆ ಎರಡು ಸ್ಟಿಕ್ ಒಂದೇ ರೀತಿ ಕಟ್ಟಿಸಿದರೆ ಇಡೀ ತಂಡಕ್ಕೆ ಎರಡು ಸಾವಿರ ಡಾಲರ್‌ಗೆ ಹತ್ತಿರ ಬರುತ್ತದೆ. ದೊಡ್ಡ ಖರ್ಚು ಇದೊಂದೇ, ಮತ್ತು ಇದರಲ್ಲಿ ಉಳಿಸಬಾರದು.

ಉಳಿಸಲು ಹೋಗಿ ಹಳೆಯ, ನುಣುಪಾದ ಚೆಂಡುಗಳಲ್ಲೂ ಅಭ್ಯಾಸ ಮಾಡಿಸಿ ನೋಡಿದೆವು. ಅವು ಬೇಗ ಜಾರಿ ಮೇಲಕ್ಕೆ ಹಾರುತ್ತವೆ. ಹುಡುಗರು ಅದಕ್ಕೆ ತಕ್ಕಂತೆ ಸ್ಟ್ರಿಂಗ್ ಬಿಗಿ ಮಾಡುತ್ತಾರೆ, ಪಂದ್ಯದ ಹೊಸ ಚೆಂಡು ಅಂಟಿಕೊಂಡು ಶಾಟ್ ನೆಲ ಹೊಡೆಯುತ್ತದೆ. ರೇಡಾರ್ ಗನ್ ಇನ್ನೂ ಕೆಟ್ಟದ್ದು: ವೇಗದ ಅಂಕಿ ಕಂಡರೆ ಎಲ್ಲರೂ ಕೈ ದೂರ ಎಳೆದು ಹೊಡೆಯುತ್ತಾರೆ, ಅಷ್ಟರಲ್ಲಿ ಸ್ಲೈಡ್, ಅಂದರೆ ನೆರವಿಗೆ ಓಡಿ ಬರುವ ಇನ್ನೊಬ್ಬ ಡಿಫೆಂಡರ್, ಬಂದಿರುತ್ತದೆ.

ಇನ್ನು ವಿಡಿಯೊ. ಕಡ್ಡಾಯವಾಗಿ ಕೂರಿಸಿದ ವಿಡಿಯೊ ಕೂಡ ಗಂಟೆಗಳ ಲೆಕ್ಕಕ್ಕೇ ಸೇರುತ್ತದೆ. ನಲವತ್ತು ನಿಮಿಷದ ಸಭೆಯಲ್ಲಿ ಬೆಂಚಿನವನ ಆಟ ಒಂದು ಸಲವೂ ಪರದೆಗೆ ಬರುವುದಿಲ್ಲ. ಅದರ ಬದಲು ಒಬ್ಬೊಬ್ಬನಿಗೂ ವಾರಕ್ಕೆ ಆರೆಂಟು ಕ್ಲಿಪ್, ತಲಾ 12 ಸೆಕೆಂಡ್, ಎಲ್ಲವೂ ಒಂದೇ ವಿಷಯದ ಮೇಲೆ. ಉದಾಹರಣೆಗೆ, ಗೋಲಿನ ಹಿಂದಿನಿಂದ ಡಾಜ್ ಮಾಡುವವನು (ಡಿಫೆಂಡರ್‌ನನ್ನು ತಪ್ಪಿಸಿ ನುಗ್ಗುವವನು) ಗೋಲ್ ಲೈನಿಗಿಂತ 5 ಗಜ ಮೇಲೆ, ಗೋಲಿನಿಂದ ಪಕ್ಕಕ್ಕೆ 5 ಗಜ ದೂರದ ಜಾಗಕ್ಕೆ ತಲೆ ಎತ್ತಿ ತಲುಪಿದನೇ ಎಂಬುದಷ್ಟೇ. ಕ್ಲಿಪ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕ್ಯಾಮೆರಾ ಮಾತ್ರ ಗೋಲಿನ ಹಿಂದೆ ಎತ್ತರದಲ್ಲಿರಲಿ. ಪಕ್ಕದಿಂದ ತೆಗೆದರೆ ಮೇಲಿನ ಕೈಯ ಹಿಡಿತ ಕಾಣುವುದೇ ಇಲ್ಲ.