ಮೊದಲ ಗಿಣ್ಣು ಕರುವಿಗೆ

ಹೋದ ವರ್ಷ ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ನನ್ನ ನಾಲಿಗೆ ಮೇಲೆ ಮೊಸರು ಮೆತ್ತಿದ ಹಾಗೆ ಬಿಳಿ ಕಟ್ಟಿತು. ಉಜ್ಜಿದರೆ ಕೆಳಗೆ ಕೆಂಪಗೆ ಉರಿ. ಸೊಪ್ಪಿನ ಸಾರಿನ ಖಾರಕ್ಕೂ ಕಣ್ಣಲ್ಲಿ ನೀರು. ಅದಕ್ಕೆ ಮುಂಚೆ ಕಾಲಿನ ಗಾಯಕ್ಕೆ ಎರಡು ಸಲ ಆಂಟಿಬಯೋಟಿಕ್ ನುಂಗಿದ್ದೆ. ಶುಗರ್ ಅಂತೂ 11 ವರ್ಷದ ಜೊತೆಗಾರ. ಕೋಲಾರದ ಡಾಕ್ಟರು ಬಾಯಿ ನೋಡಿದವರೇ ಕ್ಯಾಂಡಿಡಾ ಅಂದರು. ಬೂಷ್ಟಿನ ಜಾತಿಯ ಈ ಯೀಸ್ಟ್ ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ ಸುಮ್ಮನೆ ಇರುತ್ತದಂತೆ. ಅದನ್ನು ಹದ್ದುಬಸ್ತಿನಲ್ಲಿಡುವ ಬ್ಯಾಕ್ಟೀರಿಯಾ ಮಾತ್ರೆಗೆ ಸತ್ತರೆ ಜಾಗ ಸಿಗುತ್ತದೆ, ಶುಗರ್ ಏರಿದ್ದರೆ ಮೇವೂ ಸಿಗುತ್ತದೆ.

ಯೀಸ್ಟ್ ಕೊಲ್ಲುವ ಕ್ಲೋಟ್ರಿಮಜೋಲ್ ಔಷಧಿ ಹಚ್ಚಿದೆ, ಬಿಳಿ ಹೋಯಿತು. ತಿಂಗಳು ಕಳೆಯುವುದರೊಳಗೆ ಮತ್ತೆ ಬಂತು.

ಆಗ ನೆನಪಾದದ್ದು ಗಿಣ್ಣು. 20 ವರ್ಷದಿಂದ ಸೀಮೆಹಸು ಕಟ್ಟಿದವಳು ನಾನು. ತಾಯಿಯ ಗರ್ಭದಲ್ಲಿ ಕರುವಿಗೆ ರೋಗನಿರೋಧಕ ಪ್ರತಿಕಾಯ ಸಿಗುವುದೇ ಇಲ್ಲ ಅನ್ನಬಹುದು, ಎಲ್ಲ ಗಿಣ್ಣಿನಿಂದಲೇ ಬರಬೇಕು. ಒಂದು ದಿನ ಕಳೆದರೆ ಕರುಳು ಅದನ್ನು ರಕ್ತಕ್ಕೆ ಬಿಡುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಮಾಸು ಬೀಳುವ ತನಕ ಹಾಲು ಕರೆಯಬಾರದು ಅಂತ ಅತ್ತೆ ಕಾದರು. ನಾನೂ ಕಾದೆ. ಆ ಕರು ಬೇಧಿಯಾಗಿ ಐದನೇ ದಿನಕ್ಕೆ ಹೋಯಿತು. ಅದರ ಕಣ್ಣು ಇವತ್ತಿಗೂ ಮರೆತಿಲ್ಲ. ಈಗ ಹುಟ್ಟಿದ ಎರಡು ಗಂಟೆಯೊಳಗೆ 3 ಲೀಟರ್ ಕುಡಿಸಿಯೇ ಕುಡಿಸುತ್ತೇನೆ.

ಕರುವಿನ ಕರುಳು ಕಾಯುವುದು ನನ್ನದನ್ನೂ ಕಾಯಬಾರದೇ ಅನ್ನಿಸಿತು. ಮೊದಲು ಮಾಡಿದ್ದು ತಪ್ಪು. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸಿಕೊಂಡು ತಿಂದೆ. ಬೆಲ್ಲದಿಂದ ಶುಗರ್ ಏರಿತು. ಅಷ್ಟಲ್ಲದೆ, ಹೆಪ್ಪು ಹಾಕದೆಯೇ ಗಿಣ್ಣು ಗಟ್ಟಿಯಾಗುವುದು ಅದರ ಪ್ರೋಟೀನು ಬಿಸಿಗೆ ಮುದುಡುವುದರಿಂದ, ಪ್ರತಿಕಾಯವೂ ಅದರ ಜೊತೆಗೇ ಕೆಡುತ್ತದೆ. ರುಚಿಯಲ್ಲಿ ಅದಕ್ಕೆ ಸಮ ಇಲ್ಲ, ಆದರೆ ನನ್ನ ಕೆಲಸಕ್ಕೆ ಬರಲಿಲ್ಲ. ಹಸಿಯಾಗಿಯೇ ಕುಡಿದರೆ ಹೇಗೆ ಅಂತ ಪಶು ವೈದ್ಯರನ್ನು ಕೇಳಿದೆ. "ಬೇಡಮ್ಮ, ಬ್ರುಸೆಲ್ಲಾ ರೋಗಾಣು, ಕ್ಷಯ ಎರಡೂ ಹಸಿ ಹಾಲಲ್ಲಿ ಬರ್ತವೆ" ಅಂದರು. 60 ಡಿಗ್ರಿಯಲ್ಲಿ ಒಂದು ಗಂಟೆ ಹದವಾಗಿ ಕಾಯಿಸಿದರೆ ರೋಗಾಣು ಸಾಯುತ್ತವೆ, ಪ್ರತಿಕಾಯ ಬಹುಪಾಲು ಉಳಿಯುತ್ತದೆ, ಅದು ಮನೆಯ ಒಲೆ ಮೇಲೆ ಆಗುವ ಕೆಲಸವಲ್ಲ ಅಂತಲೂ ಹೇಳಿದರು.

ಹಾಗಾಗಿ ಡಾಕ್ಟರನ್ನು ಕೇಳಿ ಕೊಲೊಸ್ಟ್ರಮ್ ಪುಡಿ, ಅಂದರೆ ಗಿಣ್ಣುಹಾಲಿನ ಪುಡಿ ತಂದೆ. ಚಾಕೊಲೇಟ್ ರುಚಿಯದ್ದರಲ್ಲಿ ಸಕ್ಕರೆ ಇತ್ತು, ವಾಪಸ್ ಕೊಟ್ಟೆ. ಐಜಿಜಿ ಅನ್ನುವ ಪ್ರತಿಕಾಯ ಎಷ್ಟಿದೆ ಅಂತ ಡಬ್ಬಿ ಮೇಲೆ ಬರೆದಿರುವುದನ್ನೇ ಆರಿಸಿಕೊಂಡೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಡಬ್ಬಿಯಲ್ಲಿ ಹೇಳಿದಷ್ಟು, ತಣ್ಣೀರಿಗೆ ಕಲಸಿ. ಬಿಸಿ ಹಾಲಿಗೆ ಹಾಕಿದರೆ ಬೇಯಿಸಿದ ಗಿಣ್ಣಿನ ಕಥೆಯೇ. ದೊಡ್ಡವರಲ್ಲಿ ಅದು ರಕ್ತಕ್ಕೆ ಸೇರುವುದಿಲ್ಲ, ಸ್ವಲ್ಪ ಭಾಗ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ಉಳಿದದ್ದು ಕರುಳಿನೊಳಗೇ ಕೆಲಸ ಮಾಡಬೇಕು. ಅದರಲ್ಲಿರುವ ಲ್ಯಾಕ್ಟೋಫೆರಿನ್ ಕಬ್ಬಿಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಂಡಿಡಾ ಬೆಳೆಯಲು ಅದೇ ಕಬ್ಬಿಣ ಬೇಕು.

ಜೊತೆಗೆ ಎರಡನೇ ಸಲ ಔಷಧಿಯನ್ನು ಒಂದು ದಿನವೂ ಬಿಡದೆ ಹಚ್ಚಿದೆ, ಕಾಫಿಗೆ ಸಕ್ಕರೆ ಬಿಟ್ಟೆ, ಎರಡು ಮುದ್ದೆ ಒಂದಾಯಿತು, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡತೊಡಗಿದೆ. ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಟೆಸ್ಟ್ (HbA1c) 9.4 ಇದ್ದದ್ದು 7.6ಕ್ಕೆ ಇಳಿಯಿತು. ಎಂಟು ತಿಂಗಳಾಯಿತು, ನಾಲಿಗೆ ಬಿಳಿಯಾಗಿಲ್ಲ. ಬಿಳಿ ತೆಗೆದದ್ದು ಔಷಧಿ, ಮತ್ತೆ ಬಾರದ ಹಾಗೆ ನೋಡಿಕೊಂಡದ್ದು ಮುಖ್ಯವಾಗಿ ಶುಗರ್ ಹಿಡಿತ. ಪುಡಿಯನ್ನು ನಾನು ಅವೆರಡರ ಪಕ್ಕದಲ್ಲಿಡುತ್ತೇನೆ, ಮುಂದೆ ಇಡುವುದಿಲ್ಲ. ಬೆಲೆಯೂ ಕಡಿಮೆಯಲ್ಲ, ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೇ ಇದ್ದರೆ ಮೊದಲು ಶುಗರ್ ಟೆಸ್ಟ್ ಮಾಡಿಸಿ. ಹಾಲಿನ ಅಲರ್ಜಿ ಇರುವವರು ಮುಟ್ಟಬಾರದು. ಕ್ಯಾನ್ಸರ್ ಔಷಧಿ ನಡೆಯುತ್ತಿರುವವರು ತಮ್ಮ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಮೊನ್ನೆ ನಡುರಾತ್ರಿ ಹಸು ಕರು ಹಾಕಿತು. ಬೆಳಗಾಗುತ್ತಲೇ ನಾದಿನಿ ಗಿಣ್ಣಿಗೆ ಪಾತ್ರೆ ಕಳಿಸಿದಳು. ಮೂರನೇ ದಿನದ ಹಾಲು ತುಂಬಿ ಕಳಿಸುತ್ತೇನೆ ಅಂತ ಹೇಳಿ ಕಳಿಸಿದೆ.