ಪಿಸಿಐಇ ಫೇಟಲ್ ಎರರ್ ಬಂದಾಗ ಲಿನಕ್ಸ್ ಡ್ರೈವರ್ ಏನು ಮಾಡಬೇಕು

ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿಗೆ ಲಿನಕ್ಸ್ ಡ್ರೈವರ್ ಬರೆಯುವವರಲ್ಲಿ ಹೆಚ್ಚಿನವರು ಎರರ್ ರಿಕವರಿಯನ್ನು ಕೊನೆಗೆ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕಾರ್ಡ್ ಕೆಟ್ಟರೆ ಆ ಕಾರ್ಡ್ ಮಾತ್ರ ನಿಲ್ಲಬೇಕು, ಇಡೀ ಸರ್ವರ್ ಮಲಗಬಾರದು. ಅದು ನಿಮ್ಮ ಕೋಡ್ ಮೇಲೆ ನಿಂತಿದೆ.

ಪಿಸಿಐ ಎಕ್ಸ್‌ಪ್ರೆಸ್ ಎರರ್‌ಗಳನ್ನು ವರದಿ ಮಾಡುವ ವ್ಯವಸ್ಥೆಗೆ ಎಇಆರ್ (ಅಡ್ವಾನ್ಸ್ಡ್ ಎರರ್ ರಿಪೋರ್ಟಿಂಗ್) ಅಂತ ಹೆಸರು. ಅದರ ಎರರ್‌ಗಳಲ್ಲಿ ಮೂರು ಬಗೆ. ಕರೆಕ್ಟಬಲ್ ಆದರೆ ಹಾರ್ಡ್‌ವೇರೇ ಸರಿ ಮಾಡಿಕೊಂಡಿರುತ್ತದೆ. ನಾನ್-ಫೇಟಲ್ ಅಂದರೆ ಯಾವುದೋ ಒಂದು ಟ್ರಾನ್ಸಾಕ್ಷನ್ ಹಾಳಾಗಿದೆ, ಲಿಂಕ್ (ಕಾರ್ಡಿಗೂ ಯಂತ್ರಕ್ಕೂ ನಡುವಿನ ಸಂಪರ್ಕ) ಚೆನ್ನಾಗಿದೆ. ಫೇಟಲ್ ಬಂದರೆ ಲಿಂಕನ್ನೇ ನಂಬುವ ಹಾಗಿಲ್ಲ. ಮಾಲ್‌ಫಾರ್ಮ್ಡ್ ಟಿಎಲ್‌ಪಿ (ರಚನೆ ತಪ್ಪಾದ ಪಿಸಿಐಇ ಪ್ಯಾಕೆಟ್), ಡೇಟಾ ಲಿಂಕ್ ಪ್ರೋಟೋಕಾಲ್ ಎರರ್ ಇವೆಲ್ಲ ಡೀಫಾಲ್ಟ್ ಆಗಿ ಫೇಟಲ್. ಕಂಪ್ಲೀಷನ್ ಟೈಮ್‌ಔಟ್ (ಕೇಳಿದ್ದಕ್ಕೆ ಉತ್ತರ ಸಮಯಕ್ಕೆ ಬರದಿರುವುದು) ಡೀಫಾಲ್ಟ್ ಆಗಿ ನಾನ್-ಫೇಟಲ್.

ಎಲ್ಲರೂ ಕಾಲ್‌ಬ್ಯಾಕ್‌ಗಳಿಂದ (ಎರರ್ ಬಂದಾಗ ಕರ್ನಲ್ ಕರೆಯುವ ನಿಮ್ಮ ಡ್ರೈವರ್‌ನ ಫಂಕ್ಷನ್‌ಗಳಿಂದ) ಶುರು ಮಾಡುತ್ತಾರೆ. ನಾನು ಹೇಳುವುದು, ಮೊದಲು ನಿಮ್ಮ ಮಾಮೂಲಿ ಕೋಡ್ ನೋಡಿ. ಯಾಕೆಂದರೆ ಲಿಂಕ್ ಸತ್ತ ಕ್ಷಣಕ್ಕೂ ಕರ್ನಲ್ ನಿಮಗೆ ತಿಳಿಸುವ ಕ್ಷಣಕ್ಕೂ ನಡುವೆ ಒಂದು ಅಂತರ ಇರುತ್ತದೆ, ಆ ಹೊತ್ತಿನಲ್ಲಿ ನಿಮ್ಮ ಇಂಟರಪ್ಟ್ ಹ್ಯಾಂಡ್ಲರ್, ಟೈಮರ್, ವರ್ಕ್ ಕ್ಯೂ ಎಲ್ಲವೂ ಏನೂ ಆಗಿಲ್ಲವೆಂಬಂತೆ ಕಾರ್ಡಿನ ರಿಜಿಸ್ಟರ್ ಓದುತ್ತಲೇ ಇರುತ್ತವೆ. ಎಕ್ಸ್86 ಯಂತ್ರಗಳಲ್ಲಿ ಆ ಓದಿಗೆ ಸಾಮಾನ್ಯವಾಗಿ ಬರುವ ಉತ್ತರ ಎಲ್ಲ ಬಿಟ್‌ಗಳೂ 1. ಸ್ಟೇಟಸ್ ರಿಜಿಸ್ಟರ್ ಹಾಗೆ ಬಂದರೆ ಹ್ಯಾಂಡ್ಲರ್ ಎಲ್ಲ ಘಟನೆಗಳೂ ಒಟ್ಟಿಗೆ ಆದವು ಅಂದುಕೊಂಡು ಬರದ ಪ್ಯಾಕೆಟ್‌ಗಳನ್ನು ಹುಡುಕಲು ಹೊರಡುತ್ತದೆ. ಅದನ್ನೇ ಇಂಡೆಕ್ಸ್ ಆಗಿ ಬಳಸಿದರೆ ಮೆಮೊರಿಯೇ ಹಾಳು. ಆದ್ದರಿಂದ ಎಲ್ಲ 1 ಬಂದ ತಕ್ಷಣ ಅನುಮಾನಿಸಿ. ಆ ಬೆಲೆ ಸಹಜವಾಗಿ ಬರಬಹುದಾದ ರಿಜಿಸ್ಟರ್ ಆದರೆ, ಎಂದೂ ಹಾಗೆ ಬರದ ಇನ್ನೊಂದನ್ನು ಓದಿ ಖಾತ್ರಿ ಮಾಡಿಕೊಳ್ಳಿ. ಕೆಲವು ಆರ್ಮ್ ಬೋರ್ಡ್‌ಗಳಲ್ಲಿ ಇಂಥ ಓದು ನೇರವಾಗಿ ಎಕ್ಸೆಪ್ಷನ್ ಎಬ್ಬಿಸುತ್ತದೆ, ಅಲ್ಲಿ ಸುಮ್ನೆ ಮತ್ತೆ ಮತ್ತೆ ಓದುವುದು ಇನ್ನೂ ಅಪಾಯ.

ಇನ್ನೊಂದು, ಕಾಯುವ ಲೂಪ್‌ಗಳು. ‘ಬ್ಯುಸಿ ಬಿಟ್ 0 ಆಗುವವರೆಗೆ ಕಾಯಿ’ ಅಂತ ಮಿತಿಯಿಲ್ಲದೆ ಬರೆದಿದ್ದರೆ ಲಿಂಕ್ ಹೋದ ಮೇಲೆ ಆ ಸಿಪಿಯು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರತಿ ಲೂಪಿಗೂ ಟೈಮ್‌ಔಟ್ ಹಾಕಿ. ಒಂದನ್ನೂ ಬಿಡಬೇಡಿ.

ಈಗ ಕಾಲ್‌ಬ್ಯಾಕ್‌ಗಳು. ಮೊದಲು ಬರುವುದು ಎರರ್ ಡಿಟೆಕ್ಟೆಡ್. ಅದರ ಜೊತೆ ಕರ್ನಲ್ ಕೊಡುವ ಚಾನೆಲ್ ಸ್ಟೇಟ್ (ಸಂಪರ್ಕದ ಸ್ಥಿತಿ) ‘ಪರ್ಮನೆಂಟ್ ಫೇಲ್ಯೂರ್’ ಅಂದರೆ ಡಿಸ್ಕನೆಕ್ಟ್ ಅಂತ ಉತ್ತರ ಕೊಟ್ಟು ಸುಮ್ಮನಾಗಿ. ‘ಫ್ರೋಜನ್’ ಅಂದರೆ ಅದು ಫೇಟಲ್: ಕಾರ್ಡಿನ ರಿಜಿಸ್ಟರ್ ಮುಟ್ಟದೆ ಸಾಫ್ಟ್‌ವೇರ್ ಕಡೆಯ ಕೆಲಸ ಮಾತ್ರ ಮಾಡಿ. ಮೇಲಿನಿಂದ ಹೊಸ ಕೆಲಸ ಬರದಂತೆ ತಡೆಯಿರಿ (ನೆಟ್‌ವರ್ಕ್ ಡ್ರೈವರ್ ಆದರೆ ಡಿವೈಸ್ ಡಿಟ್ಯಾಚ್), ಟೈಮರ್‌ಗಳನ್ನು ನಿಲ್ಲಿಸಿ, ಉತ್ತರಕ್ಕೆ ಕಾದು ಕೂತಿರುವ ಎಲ್ಲರನ್ನೂ ಎರರ್ ಕೊಟ್ಟು ಎಬ್ಬಿಸಿ, ಡಿವೈಸ್ ಡಿಸೇಬಲ್ ಮಾಡಿ, ‘ನೀಡ್ ರೀಸೆಟ್’ ಅಂತ ಹಿಂತಿರುಗಿ. ಡಿಎಂಎ ಬಫರ್‌ಗಳನ್ನು (ಕಾರ್ಡ್ ನೇರವಾಗಿ ಓದಿ ಬರೆಯುವ ಮೆಮೊರಿಯನ್ನು) ಮಾತ್ರ ಇಲ್ಲಿ ಬಿಡುಗಡೆ ಮಾಡಬೇಡಿ ಅಂತ ನನ್ನ ಸಲಹೆ. ಲಿಂಕ್ ರೀಸೆಟ್ ಇನ್ನೂ ಆಗಿಲ್ಲ, ಡಿಸೇಬಲ್ ಮಾಡಿದ್ದು ಕಾರ್ಡಿಗೆ ತಲುಪಿದೆ ಅನ್ನೋ ಗ್ಯಾರಂಟಿಯೂ ಇಲ್ಲ. ನೀವು ಬಿಟ್ಟ ಪುಟವನ್ನು ಬೇರೆ ಯಾರೋ ಬಳಸುತ್ತಿರುವಾಗ ಕಾರ್ಡ್ ಅದರ ಮೇಲೆ ಬರೆದರೆ ಆ ಬಗ್ ಹುಡುಕುವುದು ತುಂಬಾ ಕಷ್ಟ.

ಇನ್ನೊಂದು ಎಚ್ಚರಿಕೆ: ಈ ಕಾಲ್‌ಬ್ಯಾಕ್ ಬರುವಾಗ ಕರ್ನಲ್ ಆಗಲೇ ಡಿವೈಸ್ ಲಾಕ್ ಹಿಡಿದಿರುತ್ತದೆ. ನೀವೂ ಅದನ್ನೇ ಹಿಡಿಯಲು ಹೋದರೆ ಡೆಡ್‌ಲಾಕ್, ಅಂದರೆ ಎಂದೂ ಮುಗಿಯದ ಕಾಯುವಿಕೆ.

ಆಮೇಲೆ ಕರ್ನಲ್ ಮೇಲಿನ ಪೋರ್ಟ್ ಮೂಲಕ ರೀಸೆಟ್ ಮಾಡಿ ಸ್ಲಾಟ್ ರೀಸೆಟ್ ಕರೆಯುತ್ತದೆ. ಕಾರ್ಡ್ ಈಗ ಹೊಸದಾಗಿ ಪವರ್ ಕೊಟ್ಟಂತೆ ಇರುತ್ತದೆ, ಹಳೆಯದು ಯಾವುದೂ ಅದಕ್ಕೆ ನೆನಪಿಲ್ಲ. ಎನೇಬಲ್ ಮಾಡಿ, ಬಸ್ ಮಾಸ್ಟರ್ (ಕಾರ್ಡಿಗೆ ಡಿಎಂಎ ಮಾಡುವ ಅನುಮತಿ) ಹಾಕಿ, ಪ್ರೋಬ್‌ನಲ್ಲಿ (ಡ್ರೈವರ್ ಮೊದಲು ಕಾರ್ಡನ್ನು ಹಿಡಿದಾಗ) ಸೇವ್ ಮಾಡಿಟ್ಟಿದ್ದ ಕಾನ್ಫಿಗ್ ಸ್ಟೇಟ್ ರಿಸ್ಟೋರ್ ಮಾಡಿ. ಫರ್ಮ್‌ವೇರ್, ರಿಂಗ್‌ಗಳು (ಕಾರ್ಡಿನೊಂದಿಗೆ ಕೆಲಸ ಹಂಚಿಕೊಳ್ಳುವ ಸರತಿಗಳು) ಎಲ್ಲವನ್ನೂ ಮೊದಲಿನಿಂದ ಕಟ್ಟಿ. ಸರಿಹೋದರೆ ‘ರಿಕವರ್ಡ್’, ಇಲ್ಲದಿದ್ದರೆ ‘ಡಿಸ್ಕನೆಕ್ಟ್’. ಟ್ರಾಫಿಕ್ ಮತ್ತೆ ಬಿಡುವುದು ಕೊನೆಯ ರೆಸ್ಯೂಮ್ ಕಾಲ್‌ಬ್ಯಾಕ್‌ನಲ್ಲಿ, ಅದಕ್ಕೆ ಮೊದಲಲ್ಲ. ಮಾದರಿ ಬೇಕಿದ್ದರೆ ಇಂಟೆಲ್‌ನ ಐಜಿಬಿ ಡ್ರೈವರ್ ಓದಿ, ಹೆಚ್ಚು ಕೋಡ್ ಇಲ್ಲ.

ಒಂದೇ ಪೋರ್ಟಿನ ಕೆಳಗೆ ಹಲವು ಫಂಕ್ಷನ್ (ಬೇರೆ ಬೇರೆ ಡಿವೈಸ್‌ಗಳಂತೆ ಕಾಣುವ ಭಾಗಗಳು) ಇದ್ದರೆ ಎಲ್ಲ ಡ್ರೈವರ್‌ಗಳನ್ನೂ ಕೇಳಲಾಗುತ್ತದೆ. ಒಂದರಲ್ಲಿ ಹ್ಯಾಂಡ್ಲರ್ ಇಲ್ಲದಿದ್ದರೂ ಉಳಿದವರ ರಿಕವರಿ ಕೂಡ ಬೀಳಬಹುದು. ನಿಮ್ಮ ಕಾರ್ಡ್ ಒಂದೇ ಫಂಕ್ಷನ್‌ದು ಅಂತ ಹ್ಯಾಂಡ್ಲರ್ ಬಿಡಬೇಡಿ, ಸ್ವಿಚ್ ಹಿಂದೆ ಯಾರು ಕೂತಿದ್ದಾರೋ ಯಾರಿಗೆ ಗೊತ್ತು, ಅಲ್ವಾ?

ಟೆಸ್ಟ್ ಮಾಡಲು ಕಾರ್ಡ್ ಸುಡಬೇಕಿಲ್ಲ. ಕರ್ನಲ್‌ನಲ್ಲಿ ಎಇಆರ್ ಇಂಜೆಕ್ಟ್ ಮಾಡ್ಯೂಲ್ ಇದೆ, ಸುಳ್ಳು ಎರರ್ ಕಳಿಸುತ್ತದೆ. ಕ್ಯೂಎಮು ಎಂಬ ವರ್ಚುವಲ್ ಯಂತ್ರದ ಸಾಫ್ಟ್‌ವೇರ್‌ನ ಮಾನಿಟರ್‌ನಲ್ಲೂ ಅಂಥದೇ ಕಮಾಂಡ್ ಉಂಟು. ಎರಡರಲ್ಲೂ ಲಿಂಕ್ ನಿಜವಾಗಿ ಸಾಯುವುದಿಲ್ಲ, ರಿಜಿಸ್ಟರ್ ಓದು ಸರಿಯಾಗೇ ಬರುತ್ತದೆ. ಹಾಗಾಗಿ ಓದುವ ಫಂಕ್ಷನ್ ಸುತ್ತ ನಿಮ್ಮದೇ ಒಂದು ಸ್ವಿಚ್ ಇಟ್ಟು ಎಲ್ಲ 1 ಬರುವ ಹಾಗೆ ಮಾಡಿ ನೋಡಿ. ಜೋರು ಟ್ರಾಫಿಕ್ ಓಡುತ್ತಿರುವಾಗ ಇಂಜೆಕ್ಟ್ ಮಾಡಿ, ಮಾಡ್ಯೂಲ್ ತೆಗೆಯುತ್ತಿರುವಾಗಲೂ ಮಾಡಿ. ಇಂಜೆಕ್ಟ್ ಮಾಡಿದರೂ ಏನೂ ಆಗದಿದ್ದರೆ ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್ ತೋರಿಸುವ ಕಮಾಂಡ್) ‘ಓಎಸ್ ನೌ ಕಂಟ್ರೋಲ್ಸ್’ ಸಾಲು ಹುಡುಕಿ. ಅದರಲ್ಲಿ ಎಇಆರ್ ಇಲ್ಲದಿದ್ದರೆ ಅಧಿಕಾರ ಇನ್ನೂ ಫರ್ಮ್‌ವೇರ್ ಕೈಯಲ್ಲಿದೆ, ಬಯಾಸ್ ಸೆಟ್ಟಿಂಗ್ ನೋಡಬೇಕು.